ಹೊಸ ಕಂಪ್ಯೂಟರ್ ಹಳೆಯ ಹಾರ್ಡ್ ಡಿಸ್ಕನ್ನು ಗುರುತಿಸದಿದ್ದಾಗ



ಮನೆಯ ಒಡವೆ ಎಲ್ಲಿದೆ ಎಂದು ಕೇಳಿದರೆ ಗೃಹಿಣಿ ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿ, ಜಾಗದ ಪತ್ರ ಬೀರುವಿನ ಯಾವ ಖಾನೆಯಲ್ಲಿವೆ ಎಂಬುದೂ ಅವಳಿಗೆ ಗೊತ್ತು. ಆದರೆ ಮಗಳ ನಿಕಾಹ್‌ನ ಫೋಟೋಗಳು, ಮೊಮ್ಮಗ ಮೊದಲು ನಡೆದ ದಿನದ ವೀಡಿಯೋ, ತೀರಿಹೋದ ಹಿರಿಯರ ಧ್ವನಿ ಎಲ್ಲಿವೆ ಎಂದು ಕೇಳಿ ನೋಡಿ. ‘ಅದೆಲ್ಲ ಹುಡುಗನ ಹಾರ್ಡ್ ಡಿಸ್ಕಿನಲ್ಲಿದೆ’ ಎಂಬ ಉತ್ತರ ಬರುತ್ತದೆ. ಅಂಗೈ ಅಗಲದ ಆ ಕಪ್ಪು ಡಬ್ಬಿಯೊಳಗೆ ಒಂದು ಸಂಸಾರದ ಹತ್ತಿಪ್ಪತ್ತು ವರ್ಷಗಳು ಕುಳಿತಿರುತ್ತವೆ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಸಾಲ ಮಾಡಿಯೋ ಕಂತಿನಲ್ಲೋ ಹೊಸದನ್ನು ತಂದವರು ನಮ್ಮ ಚಳ್ಳಕೆರೆಯಲ್ಲೂ ಇದ್ದಾರೆ. ಹೊಸ ಕಂಪ್ಯೂಟರಿಗೆ ಹಳೆಯ ಡಬ್ಬಿಯನ್ನು ಜೋಡಿಸಿದಾಗ ಕೆಲವರಿಗೆ ಏನೂ ಕಾಣಲಿಲ್ಲ. ಕೆಲವರಿಗೆ ‘ಈ ಸಾಧನವನ್ನು ಗುರುತಿಸಲಾಗಲಿಲ್ಲ’ ಎಂಬರ್ಥದ ಸಂದೇಶ ಬಂತು. ಇನ್ನು ಕೆಲವರಿಗೆ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂಬ ಪ್ರಶ್ನೆ ಬಂತು. ಈ ಮೂರನೆಯದೇ ಅಪಾಯದ್ದು.

ಈ ತಿಂಗಳು ನಾನು ಹೇಳಲು ಬಯಸುವುದು ಒಂದೇ ಮಾತು. ಗುರುತು ಸಿಗಲಿಲ್ಲ ಎಂದ ಮಾತ್ರಕ್ಕೆ ಒಳಗಿರುವುದು ಕಳೆದುಹೋಯಿತು ಎಂದು ತಿಳಿಯಬೇಡಿ. ಎಷ್ಟೋ ಸಲ ಅದು ಇದ್ದಲ್ಲೇ ಇರುತ್ತದೆ. ಗಾಬರಿಯಲ್ಲಿ ನಾವು ಒತ್ತುವ ಗುಂಡಿಯೇ ಅದನ್ನು ಕಳೆಯುತ್ತದೆ.

ಸಿಪ್ಪೆ ಬೇರೆ, ಬೀಜ ಬೇರೆ

ಶೇಂಗಾ ಬೆಳೆಯುವ ಸೀಮೆಯವರಾದ ನಮಗೆ ಇದನ್ನು ವಿವರಿಸುವುದು ಸುಲಭ. ಸಿಪ್ಪೆ ಒಡೆದ ಮಾತ್ರಕ್ಕೆ ಬೀಜ ಕೆಟ್ಟಿತೆಂದು ಎಣ್ಣೆ ಮಿಲ್ಲಿನವರು ಯಾರೂ ಹೇಳುವುದಿಲ್ಲ. ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಕೂಡ ಹಾಗೆಯೇ. ಮೇಲಿನ ಪ್ಲಾಸ್ಟಿಕ್ ಡಬ್ಬಿ, ಅದರ ಚಿಕ್ಕ ಸರ್ಕ್ಯೂಟ್ ಹಲಗೆ, ಕೇಬಲ್, ಇವೆಲ್ಲ ಸಿಪ್ಪೆ. ಒಳಗೆ ತಿರುಗುವ ತಟ್ಟೆಗಳೇ ಬೀಜ. ನಮ್ಮ ಫೋಟೋಗಳಿರುವುದು ಆ ತಟ್ಟೆಗಳ ಮೇಲೆ. 1956ರಲ್ಲಿ ಐಬಿಎಂ ಕಂಪೆನಿಯು ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಅಂತಹ 50 ತಟ್ಟೆಗಳಿದ್ದವು. ಎಲ್ಲ ಸೇರಿ ಅವುಗಳಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋಗಳೇ ಅಷ್ಟು ಜಾಗ ತಿನ್ನುತ್ತವೆ. ತಟ್ಟೆಯ ಮೇಲೆ ಓದುವ ಮುಳ್ಳು ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತದೆ. ಅದಕ್ಕೇ ಡಬ್ಬಿ ಬಿದ್ದರೆ ಅಪಾಯ, ಮನೆಯಲ್ಲಿ ಬಿಚ್ಚಿದರೆ ಇನ್ನೂ ಅಪಾಯ. ನಮ್ಮೂರಿನ ಧೂಳಿನ ಒಂದು ಕಣ ಸಾಕು, ತಟ್ಟೆ ಗೀರಿ ಹೋಗುತ್ತದೆ.

ಆದ್ದರಿಂದ ಪರೀಕ್ಷೆಯನ್ನು ಹೊರಗಿನಿಂದ ಒಳಕ್ಕೆ ಮಾಡುತ್ತಾ ಹೋಗಬೇಕು. ಮೊದಲು ಕೇಬಲ್, ಆಮೇಲೆ ಕರೆಂಟು, ಆಮೇಲೆ ಕಂಪ್ಯೂಟರಿನ ಸೆಟ್ಟಿಂಗ್. ಬೀಜಕ್ಕೆ ಕೈ ಹಾಕುವುದು ಕಟ್ಟಕಡೆಗೆ, ಅದೂ ಬಲ್ಲವರಿಂದ.

ಮೊದಲು ಕೇಬಲ್ ಮತ್ತು ಕರೆಂಟು

ಹಳೆಯ ಕಂಪ್ಯೂಟರ್ ಮನೆಯಲ್ಲೇ ಇದ್ದರೆ ಡಬ್ಬಿಯನ್ನು ಅದಕ್ಕೊಮ್ಮೆ ಜೋಡಿಸಿ ನೋಡಿ. ಅಲ್ಲಿ ತೆರೆದುಕೊಂಡರೆ ಅರ್ಧ ಚಿಂತೆ ಕಳೆಯಿತು. ಡಿಸ್ಕ್ ಚೆನ್ನಾಗಿದೆ, ತೊಡಕು ಹೊಸ ಯಂತ್ರದ ಕಡೆಯದು. ಇದೇ ಕಾರಣಕ್ಕೆ ಹೊಸದು ಬಂದ ದಿನವೇ ಹಳೆಯದನ್ನು ಗುಜರಿಗೆ ಕೊಡಬೇಡಿ. ಒಂದು ತಿಂಗಳಾದರೂ ಇರಲಿ.

ಎರಡನೆಯದು ಕೇಬಲ್. ನೋಡಲು ಒಂದೇ ತರಹ ಇರುವ ಕೇಬಲ್‌ಗಳೆಲ್ಲ ಒಂದೇ ಅಲ್ಲ. ಮೊಬೈಲ್ ಚಾರ್ಜಿಂಗಿಗೆಂದೇ ಮಾಡಿದ ಕೆಲವು ಅಗ್ಗದ ಕೇಬಲ್‌ಗಳಲ್ಲಿ ಕರೆಂಟು ಹೋಗುವ ತಂತಿ ಮಾತ್ರ ಇರುತ್ತದೆ, ಮಾಹಿತಿ ಹೋಗುವ ತಂತಿ ಇರುವುದೇ ಇಲ್ಲ. ಅಂಥದನ್ನು ಹಾಕಿದರೆ ಡಬ್ಬಿಯ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಡಿಸ್ಕಿನ ಜೊತೆ ಬಂದ ಕೇಬಲ್ಲನ್ನೇ ಬಳಸಿ. ಅದು ಹಳೆಯದಾಗಿ ಸಡಿಲವಾಗಿದ್ದರೆ ಅದೇ ಬಗೆಯ ಇನ್ನೊಂದನ್ನು ತನ್ನಿ. ಡಿಸ್ಕ್ ಹೋಯಿತೆಂದು ಅಳುವ ಮೊದಲು ಕೇಬಲ್ ಬದಲಿಸಿ ನೋಡುವುದು ಜಾಣತನ.

ಮೂರನೆಯದು ಕರೆಂಟು. ಅಂಗೈ ಅಗಲದ ಡಿಸ್ಕ್ ತನಗೆ ಬೇಕಾದ ಶಕ್ತಿಯನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಯಿಂದಲೇ ಪಡೆಯುತ್ತದೆ. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿ ಆಂಪಿಯರ್, ಯುಎಸ್‌ಬಿ 3.0 ಕಿಂಡಿ 900. ಈಗಿನ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಕಿಂಡಿಗಳೇ ಕಡಿಮೆ. ಆದ್ದರಿಂದ ಒಂದು ಕಿಂಡಿಗೆ ನಾಲ್ಕು ಬಾಯಿಯ ಹಬ್ ಸಿಕ್ಕಿಸಿ ಅದಕ್ಕೇ ಮೌಸ್, ಕೀಬೋರ್ಡ್, ಪೆನ್ ಡ್ರೈವ್, ಹಾರ್ಡ್ ಡಿಸ್ಕ್ ಎಲ್ಲವನ್ನೂ ಜೋಡಿಸುತ್ತೇವೆ. ಒಂದೇ ಬಿಂದಿಗೆ ನೀರನ್ನು ನಾಲ್ಕು ಮನೆಗೆ ಹಂಚಿದಂತೆ ಆಗುತ್ತದೆ. ಡಿಸ್ಕಿನ ತಟ್ಟೆ ತಿರುಗಲು ಶಕ್ತಿ ಸಾಲದೆ ದೀಪ ಮಿನುಗಿ ಆರುತ್ತದೆ. ಹಬ್ ತೆಗೆದು ನೇರವಾಗಿ ಜೋಡಿಸಿ. ಮೇಜಿನ ಮೇಲಿಡುವ ಕಂಪ್ಯೂಟರಾದರೆ ಮುಂದಿನ ಕಿಂಡಿ ಬಿಟ್ಟು ಹಿಂಬದಿಯದಕ್ಕೆ ಹಾಕಿ ನೋಡಿ.

ಇಟ್ಟಿಗೆಯಷ್ಟು ದೊಡ್ಡ ಡಿಸ್ಕ್ ಆಗಿದ್ದರೆ ಅದಕ್ಕೆ ಬೇರೆಯೇ ಅಡಾಪ್ಟರ್ ಇರುತ್ತದೆ, ಸಾಮಾನ್ಯವಾಗಿ 12 ವೋಲ್ಟಿನದು. ಲ್ಯಾಪ್‌ಟಾಪಿನ ಅಡಾಪ್ಟರ್ ಹೆಚ್ಚಾಗಿ 19 ವೋಲ್ಟಿನದು. ಪಿನ್ನು ಕೂರುತ್ತದೆ ಎಂದು ಅದನ್ನು ಡಿಸ್ಕಿಗೆ ಹಾಕಿದರೆ ಹಲಗೆ ಸುಟ್ಟುಹೋಗಬಹುದು. ಅಡಾಪ್ಟರಿನ ಮೇಲೆ ಬರೆದ ವೋಲ್ಟನ್ನು ಓದಿಯೇ ಹಾಕಿ. ಮನೆಯಲ್ಲಿರುವ ಅಡಾಪ್ಟರುಗಳಿಗೆಲ್ಲ ಒಂದೊಂದು ಚೀಟಿ ಅಂಟಿಸಿ, ಯಾವುದು ಯಾವುದಕ್ಕೆ ಎಂದು ಬರೆದಿಡುವುದು ಇನ್ನೂ ಒಳ್ಳೆಯದು. ಮಸಾಲೆ ಡಬ್ಬಿಗಳಿಗೆ ಹೆಸರು ಬರೆಯುವ ನಮಗೆ ಇದೇನೂ ಹೊಸ ಕೆಲಸವಲ್ಲ.

ನಮ್ಮ ಬೀದಿಯ ಒಂದು ಮನೆಯಲ್ಲಿ ಇಂಥದೇ ಪ್ರಸಂಗ ನಡೆಯಿತು. ಮಗ ಹೊಸ ಲ್ಯಾಪ್‌ಟಾಪ್ ತಂದಿದ್ದ. ಡಿಸ್ಕ್ ಕಾಣಲಿಲ್ಲ. ಪಕ್ಕದ ಮನೆಯ ಹುಡುಗ ‘ಅದು ಹೋಯ್ತು, ಫಾರ್ಮ್ಯಾಟ್ ಮಾಡಿಸಿ ಸಿನಿಮಾ ಹಾಕಿಕೊಳ್ಳಿ’ ಎಂದ. ಆ ಮನೆಯ ತಾಯಿ ‘ಬೇಡ ಬೇಟಾ, ಅದರಲ್ಲಿ ನಿನ್ನ ದಾದಿ ಇದ್ದಾರೆ’ ಎಂದು ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ತೀರಿಹೋದ ಅತ್ತೆ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ದುಆ ಮಾಡುವ ಅರ್ಧ ನಿಮಿಷದ ವೀಡಿಯೋ ಅದರಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಮಾರನೆಯ ದಿನ ನಾವು ಹಬ್ ಕಳಚಿ ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿದೆವು. ಅಷ್ಟರಲ್ಲೇ ತೆರೆದುಕೊಂಡಿತು. ಆ ತಾಯಿಗೆ ಕಂಪ್ಯೂಟರಿನ ಗಂಧವಿಲ್ಲ. ಆದರೆ ಒಳಗಿರುವುದರ ಬೆಲೆ ಗೊತ್ತಿತ್ತು. ಒಂದು ರಾತ್ರಿ ಕಾಯುವ ತಾಳ್ಮೆಯೂ ಇತ್ತು. ಉಳಿಸಿದ್ದು ಅದೇ.

ಆಮೇಲೆ ಕಂಪ್ಯೂಟರಿನೊಳಗೆ

ಕೇಬಲ್ ಸರಿ, ಕರೆಂಟು ಸರಿ, ದೀಪವೂ ಉರಿಯುತ್ತಿದೆ, ಆದರೂ ಕಾಣುತ್ತಿಲ್ಲ. ಆಗ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ. ಬರುವ ಪಟ್ಟಿಯಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬುದನ್ನು ಆರಿಸಿ. ಕಂಪ್ಯೂಟರಿಗೆ ಜೋಡಿಸಿದ ಎಲ್ಲ ಡಿಸ್ಕುಗಳೂ ಇಲ್ಲಿ ಸಾಲಾಗಿ ಕಾಣುತ್ತವೆ. ಇಲ್ಲಿ ನೋಡುವುದರಿಂದ ಏನೂ ಕೆಡುವುದಿಲ್ಲ. ಸಿಕ್ಕಿದ್ದನ್ನೆಲ್ಲ ಒತ್ತಿದರೆ ಮಾತ್ರ ಕೆಡುತ್ತದೆ. ಮಗ ಮೌಸ್ ಹಿಡಿಯಲಿ, ನೀವು ಈ ಪುಟ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ.

ನಿಮ್ಮ ಡಿಸ್ಕ್ ‘ಹೆಲ್ದಿ’ ಎಂದು ಕಂಡು, ಅದಕ್ಕೆ ಇ, ಎಫ್, ಜಿ ಮುಂತಾದ ಅಕ್ಷರ ಇಲ್ಲದಿದ್ದರೆ ತೊಡಕು ತೀರಾ ಸಣ್ಣದು. ಮನೆ ಇದೆ, ಬಾಗಿಲಿಗೆ ನಂಬರು ಬರೆದಿಲ್ಲ, ಅಷ್ಟೇ. ಅದರ ಮೇಲೆ ಬಲಗುಂಡಿ ಒತ್ತಿ, ಡ್ರೈವ್ ಅಕ್ಷರ ಬದಲಿಸುವ ಆಯ್ಕೆಗೆ ಹೋಗಿ, ಬಳಸದೆ ಉಳಿದ ಒಂದು ಅಕ್ಷರವನ್ನು ಕೊಡಿ. ಡಿಸ್ಕ್ ತೆರೆದುಕೊಳ್ಳುತ್ತದೆ. ‘ಆಫ್‌ಲೈನ್’ ಎಂದಿದ್ದರೆ ಎಡಬದಿಯ ಡಿಸ್ಕ್ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಆನ್‌ಲೈನ್’ ಮಾಡಬೇಕು. ಈ ಎರಡರಿಂದಲೂ ಒಳಗಿನ ಫೈಲುಗಳಿಗೆ ಏನೂ ಆಗುವುದಿಲ್ಲ.

‘ರಾ’ ಎಂದೋ, ‘ಅನ್‌ಅಲೊಕೇಟೆಡ್’ ಎಂದೋ, ‘ನಾಟ್ ಇನಿಷಿಯಲೈಸ್ಡ್’ ಎಂದೋ ಕಂಡರೆ ಅಲ್ಲಿಗೇ ನಿಲ್ಲಿಸಿ. ಕಂಪ್ಯೂಟರ್ ‘ಇನಿಷಿಯಲೈಸ್ ಮಾಡಲೇ?’ ಎಂದು ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ‘ಫಾರ್ಮ್ಯಾಟ್ ಮಾಡಲೇ?’ ಎಂದರೂ ‘ಕ್ಯಾನ್ಸಲ್’ ಒತ್ತಿ. ಹೊಸ ಕಂಪ್ಯೂಟರಿಗೆ ಆ ಡಿಸ್ಕಿನ ಬರವಣಿಗೆ ಓದಲು ಬರುತ್ತಿಲ್ಲ. ಓದಲು ಬರದವನು ಪುಸ್ತಕವನ್ನು ಖಾಲಿ ಎಂದುಕೊಂಡು ಅಳಿಸಿ ಕೊಡಲೇ ಎಂದು ಕೇಳಿದ ಹಾಗೆ ಈ ಪ್ರಶ್ನೆ.

ಓದಲು ಬರದಿರುವುದಕ್ಕೆ ಕಾರಣವೂ ಇದೆ. ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ಪದ್ಧತಿಗಳು ಹಲವು. ವಿಂಡೋಸ್ ಹೆಚ್ಚಾಗಿ ಬಳಸುವುದು ಎನ್‌ಟಿಎಫ್‌ಎಸ್. ಆಪಲ್‌ನ ಮ್ಯಾಕ್ ಕಂಪ್ಯೂಟರುಗಳ ಪದ್ಧತಿ ಬೇರೆ, ಲಿನಕ್ಸ್‌ನದು ಇನ್ನೂ ಬೇರೆ. ದುಬೈಯಲ್ಲೋ ಸೌದಿಯಲ್ಲೋ ಇರುವ ಅಳಿಯ ಮ್ಯಾಕ್‌ನಲ್ಲಿ ಸಿದ್ಧಪಡಿಸಿ ಕಳಿಸಿದ ಡಿಸ್ಕನ್ನು ನಮ್ಮ ವಿಂಡೋಸ್ ಓದಲಾರದು. ಅದು ಫಾರ್ಮ್ಯಾಟ್ ಮಾಡಲೇ ಎಂದು ಕೇಳಬಹುದು. ನಮ್ಮ ಡಿಸ್ಕನ್ನು ಅಳಿಯನ ಮ್ಯಾಕ್‌ಗೆ ಹಾಕಿದರೆ ಅದು ಓದುತ್ತದೆ, ಆದರೆ ಅದರ ಮೇಲೆ ಬರೆಯುವುದಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಸಹೋದರಿಯರಿಗೆ ಲಿನಕ್ಸ್ ಹೊಸದಲ್ಲ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿರುವುದು ಅದೇ. ಅಲ್ಲಿನ ಪದ್ಧತಿಯಲ್ಲಿ ಸಿದ್ಧವಾದ ಡಿಸ್ಕನ್ನೂ ಮನೆಯ ವಿಂಡೋಸ್ ತಾನಾಗಿ ಓದುವುದಿಲ್ಲ. ಟಿವಿಯ ಕಾರ್ಯಕ್ರಮ ರೆಕಾರ್ಡ್ ಮಾಡಲು ಡಿಸ್ಕನ್ನು ಟಿವಿಗೋ ಸೆಟ್‌ಟಾಪ್ ಬಾಕ್ಸಿಗೋ ಹಾಕಿದ್ದರೆ, ಅದು ತನ್ನದೇ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಂಡಿರಬಹುದು. ಇಲ್ಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಡಿಸ್ಕನ್ನು ಕೊನೆಯ ಸಲ ಯಾವ ಯಂತ್ರ ತೆರೆದಿತ್ತು? ಆ ಯಂತ್ರಕ್ಕೇ ಮತ್ತೆ ಜೋಡಿಸಿ ಫೈಲುಗಳನ್ನು ಹೊರತೆಗೆಯಿರಿ. ಎಲ್ಲ ಬಗೆಯ ಕಂಪ್ಯೂಟರುಗಳ ನಡುವೆ ಓಡಾಡುವ ಹೊಸ ಡಿಸ್ಕಿಗೆ ‘ಎಕ್ಸ್‌ಫ್ಯಾಟ್’ ಪದ್ಧತಿ ಅನುಕೂಲ. ವಿಂಡೋಸ್ ಮತ್ತು ಮ್ಯಾಕ್ ಎರಡೂ ಅದನ್ನು ಓದುತ್ತವೆ, ಅದರ ಮೇಲೆ ಬರೆಯುತ್ತವೆ.

ಹಿಂದೆ ಯಾರಾದರೂ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಮರೆತರೆ 48 ಅಂಕಿಗಳ ಒಂದು ಕೀಲಿ ಬೇಕು. ಅದೂ ಇಲ್ಲದಿದ್ದರೆ ಯಾವ ಅಂಗಡಿಯವನಿಂದಲೂ ಆಗುವುದಿಲ್ಲ. ಆ ಕೀಲಿಯನ್ನು ಜಾಗದ ಪತ್ರದ ಜೊತೆಯಲ್ಲಿ ಕಾಗದದ ಮೇಲೆ ಬರೆದಿಡಿ.

ತೆರೆಯಿತು, ಆದರೆ ಕನ್ನಡ ಕಾಣುತ್ತಿಲ್ಲ

ಡಿಸ್ಕ್ ತೆರೆದರೂ ಕನ್ನಡದವರಾದ ನಮಗೆ ಇನ್ನೊಂದು ತೊಡಕು ಕಾದಿರುತ್ತದೆ. ಹತ್ತಿಪ್ಪತ್ತು ವರ್ಷಗಳ ಹಿಂದೆ ಟೈಪ್ ಮಾಡಿದ ಅರ್ಜಿ, ಭಾಷಣ, ಮಕ್ಕಳ ಪ್ರಬಂಧಗಳನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಅಳಿಸಬೇಡಿ. ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದ್ದರಿಂದ ಒಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ. ಹಳೆಯ ಫಾಂಟನ್ನು ಹಾಕಿದರೆ ಕನ್ನಡ ಮರಳುತ್ತದೆ. ಬರಹ, ನುಡಿಗಳಲ್ಲಿರುವ ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿಕೊಂಡರೆ ಮುಂದೆ ಈ ತೊಂದರೆಯೇ ಇರುವುದಿಲ್ಲ. ಇಲ್ಲೂ ಅದೇ ಮಾತು. ಬೀಜ ಇದೆ, ಸಿಪ್ಪೆ ಬದಲಾಗಿದೆ.

ಅಂಗಡಿಗೆ ಒಯ್ಯುವ ಮೊದಲು

ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ತಕ್ಷಣ ಕಳಚಿ. ಮತ್ತೆ ಮತ್ತೆ ಜೋಡಿಸಿ ನೋಡಿದಷ್ಟೂ ತಟ್ಟೆ ಗೀರುವ ಸಂಭವ ಹೆಚ್ಚು. ರಿಪೇರಿ ಮಾಡುತ್ತೇವೆಂದು ‘ಚೆಕ್ ಡಿಸ್ಕ್’ ಓಡಿಸುವುದೂ ಬೇಡ. ಸಾಯುತ್ತಿರುವ ಡಿಸ್ಕಿಗೆ ಅದು ಇನ್ನಷ್ಟು ಭಾರ. ಯಾರೋ ಈಗಾಗಲೇ ಫಾರ್ಮ್ಯಾಟ್ ಮಾಡಿಬಿಟ್ಟಿದ್ದರೆ ಅದರ ಮೇಲೆ ಹೊಸದೇನನ್ನೂ ತುಂಬಬೇಡಿ. ‘ಕ್ವಿಕ್ ಫಾರ್ಮ್ಯಾಟ್’ ಆಗಿದ್ದರೆ ಹಾರ್ಡ್ ಡಿಸ್ಕಿನಲ್ಲಿ ಹಳೆಯ ಫೈಲುಗಳು ಹೆಚ್ಚಾಗಿ ಮರಳಿ ಸಿಗುತ್ತವೆ. ಪೂರ್ತಿ ಫಾರ್ಮ್ಯಾಟ್ ಆಗಿದ್ದರೆ ಆಸೆ ಬಿಡಬೇಕಾಗುತ್ತದೆ. ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಆಗಿದ್ದರೆ ಎರಡರಲ್ಲೂ ಆಸೆ ಕಡಿಮೆ.

ಕುದಾಪುರದ ಬಳಿ ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದಿವೆ. ಆದರೆ ಮನೆಯ ಹಾರ್ಡ್ ಡಿಸ್ಕ್ ಕೆಟ್ಟರೆ ನಾವು ಹೋಗುವುದು ಪೇಟೆಯ ರಿಪೇರಿ ಅಂಗಡಿಗೇ. ಅಲ್ಲಾಗದಿದ್ದರೆ ಚಿತ್ರದುರ್ಗ, ಅಲ್ಲೂ ಆಗದಿದ್ದರೆ ಬೆಂಗಳೂರು. ಹೀಗೆ ಹೋಗುವಾಗ ಹೆಂಗಸರ ಮನಸ್ಸಿನಲ್ಲಿ ಏಳುವ ಒಂದು ಅಳುಕನ್ನು ಗಂಡಸರು ಹಗುರವಾಗಿ ಕಾಣಬಾರದು. ಆ ಡಿಸ್ಕಿನಲ್ಲಿರುವುದು ಮನೆಯ ಒಳಗಿನ ಚಿತ್ರಗಳು. ಸೀಮಂತ, ಮೆಹಂದಿ, ಮಗಳು ಗೆಳತಿಯರ ಜೊತೆ ನಕ್ಕ ಫೋಟೋಗಳು. ಅವನ್ನು ಅಪರಿಚಿತನ ಮೇಜಿನ ಮೇಲೆ ಬಿಟ್ಟು ಬರುವುದು ಹೇಗೆ? ಈ ಅಳುಕಿನಿಂದಲೇ ಎಷ್ಟೋ ಹೆಣ್ಣುಮಕ್ಕಳು ಡಿಸ್ಕನ್ನು ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ. ಸುಮ್ಮನಾಗುವ ಅಗತ್ಯವಿಲ್ಲ, ಕೆಲವು ಎಚ್ಚರಿಕೆ ಸಾಕು.

ಮನೆಯವರೊಬ್ಬರು ಅಂಗಡಿಯಲ್ಲಿ ಕುಳಿತೇ ಕೆಲಸ ಮಾಡಿಸಲಿ. ಬಿಟ್ಟು ಬರಲೇಬೇಕಾದರೆ ಡಿಸ್ಕಿನ ಮೇಲಿರುವ ಸೀರಿಯಲ್ ನಂಬರು ಬರೆಸಿದ ರಸೀದಿ ಪಡೆಯಿರಿ. ಪರೀಕ್ಷೆಗೆ ಎಷ್ಟು, ಫೈಲ್ ಸಿಕ್ಕರೆ ಎಷ್ಟು, ಸಿಗದಿದ್ದರೆ ಎಷ್ಟು ಎಂದು ಮೊದಲೇ ಕೇಳಿ. ಸಿಕ್ಕ ಫೈಲುಗಳನ್ನು ಹಾಕಿಕೊಡಲು ನೀವೇ ಒಂದು ಖಾಲಿ ಡಿಸ್ಕ್ ಕೊಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಪ್ರತಿ ಉಳಿಯದಂತೆ ನಿಮ್ಮೆದುರೇ ಅಳಿಸಲು ಹೇಳಿ. ಕೆಟ್ಟ ಡಿಸ್ಕನ್ನೂ ಮರಳಿ ಪಡೆಯಿರಿ, ‘ಗುಜರಿ ತಾನೆ’ ಎಂದು ಬಿಟ್ಟು ಬರಬೇಡಿ. ರಿಪೇರಿ ಮಾಡುವ ಸಹೋದರರಿಗೂ ಒಂದು ಮಾತು. ನಿಮ್ಮ ಕೈಗೆ ಬಂದ ಡಿಸ್ಕ್ ಅಮಾನತು. ಫೈಲ್ ಸರಿಯಾಗಿದೆಯೇ ಎಂದು ನೋಡಲು ಒಂದೆರಡು ತೆರೆದರೆ ಸಾಕು, ಆಲ್ಬಂ ಪೂರ್ತಿ ನೋಡುವ ಹಕ್ಕು ನಿಮಗಿಲ್ಲ.

ಹಳೆಯ ಕಂಪ್ಯೂಟರ್ ಮಾರುವಾಗಲೂ ಇದೇ ಎಚ್ಚರ ಬೇಕು. ಡಿಲೀಟ್ ಒತ್ತಿದ ಫೋಟೋಗಳನ್ನು ಹಾರ್ಡ್ ಡಿಸ್ಕಿನಿಂದ ಮರಳಿ ತೆಗೆಯಬಹುದು. ವಿಂಡೋಸ್‌ನಲ್ಲಿ ಕಂಪ್ಯೂಟರನ್ನು ‘ರಿಸೆಟ್’ ಮಾಡುವ ಜಾಗದಲ್ಲಿ ಎಲ್ಲವನ್ನೂ ತೆಗೆದುಹಾಕುವ ಆಯ್ಕೆ ಇದೆ. ಅದರೊಳಗೆ ಡ್ರೈವನ್ನು ಪೂರ್ತಿ ಸ್ವಚ್ಛಗೊಳಿಸುವ ಆಯ್ಕೆಯೂ ಇದೆ. ಅದನ್ನು ಮಾಡಿಯೇ ಕೊಡಿ.

ನಕಲು ಮತ್ತು ಮುಕಾಬಲಾ

ಡಿಸ್ಕ್ ತೆರೆದುಕೊಂಡ ಸಂತೋಷದಲ್ಲಿ ಅದನ್ನು ಹಾಗೇ ಬೀರುವಿಗೆ ಸೇರಿಸಬೇಡಿ. ಒಮ್ಮೆ ಹೆದರಿಸಿದ ಡಿಸ್ಕ್ ಮತ್ತೊಮ್ಮೆ ಹೆದರಿಸಬಹುದು. ಅಂದೇ ಇನ್ನೊಂದು ಪ್ರತಿ ಮಾಡಿ. ಹೊಸ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಮನೆಯಿಂದ ಹೊರಗೆ ಒಂದು. ಹೀಗೆ ಮೂರು ಕಡೆ ಇದ್ದರೆ ಕಳ್ಳತನ, ಬೆಂಕಿ, ಕರೆಂಟಿನ ಏರಿಳಿತ ಯಾವುದಕ್ಕೂ ಎಲ್ಲವೂ ಒಟ್ಟಿಗೆ ಬಲಿಯಾಗುವುದಿಲ್ಲ. ಮೂರನೆಯ ಪ್ರತಿಯನ್ನು ಇಡಲು ತವರುಮನೆಗಿಂತ ಒಳ್ಳೆಯ ಜಾಗ ಯಾವುದಿದೆ?

ಹಿಂದೆ ಕಿತಾಬುಗಳನ್ನು ಕೈಯಲ್ಲೇ ಬರೆದು ನಕಲು ಮಾಡುತ್ತಿದ್ದ ಕಾಲದಲ್ಲಿ, ನಕಲು ಮುಗಿದರೆ ಕೆಲಸ ಮುಗಿಯುತ್ತಿರಲಿಲ್ಲ. ಮೂಲವನ್ನೂ ಪ್ರತಿಯನ್ನೂ ಎದುರುಬದುರು ಇಟ್ಟು ಸಾಲು ಸಾಲಾಗಿ ತಾಳೆ ನೋಡುತ್ತಿದ್ದರು. ಅದಕ್ಕೆ ‘ಮುಕಾಬಲಾ’ ಎಂದು ಹೆಸರು. ಎಲ್ಲಿಯವರೆಗೆ ತಾಳೆ ನೋಡಿ ಆಯಿತು ಎಂಬುದನ್ನು ಪುಟದ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ತಾಳೆ ನೋಡದ ಪ್ರತಿಯನ್ನು ವಿದ್ವಾಂಸರು ನಂಬುತ್ತಿರಲಿಲ್ಲ. ನಮ್ಮ ಡಿಸ್ಕಿಗೂ ಅದೇ ನಿಯಮ. ಪ್ರತಿ ಮಾಡಿದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ ಒಂದೇ ಇದೆಯೇ ನೋಡಿ. ಅಲ್ಲಲ್ಲಿ ಕೆಲವು ಫೋಟೋ ತೆರೆಯಿರಿ, ವೀಡಿಯೋವನ್ನು ಕೊನೆಯವರೆಗೂ ಓಡಿಸಿ ನೋಡಿ. ಆಮೇಲಷ್ಟೇ ಹಳೆಯದನ್ನು ಅಳಿಸುವ ಯೋಚನೆ ಮಾಡಿ.

ಡಿಸ್ಕಾಗಲಿ ಪೆನ್ ಡ್ರೈವಾಗಲಿ ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಕೆಡಬಹುದು. ಅದಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಎರಡು ಈದ್‌ಗಳಿಗೆ ಮನೆ ತೊಳೆದು ಬೀರು ಖಾಲಿ ಮಾಡಿ ಜೋಡಿಸುತ್ತೇವಲ್ಲ, ಆಗಲೇ ಡಿಸ್ಕನ್ನೂ ಹೊರತೆಗೆದು ಕಂಪ್ಯೂಟರಿಗೆ ಜೋಡಿಸಿ, ಮಕ್ಕಳನ್ನೆಲ್ಲ ಕೂರಿಸಿ ನಾಲ್ಕು ಹಳೆಯ ಫೋಟೋ ತೋರಿಸಿ. ಡಿಸ್ಕಿನ ಪರೀಕ್ಷೆಯೂ ಆಗುತ್ತದೆ, ಕಾಣದ ಅಜ್ಜ ಅಜ್ಜಿಯರ ಪರಿಚಯ ಮಕ್ಕಳಿಗೂ ಆಗುತ್ತದೆ.

ಸಹೋದರಿಯರೇ, ಕಂಪ್ಯೂಟರ್ ಗಂಡುಮಕ್ಕಳ ಸಾಮಾನು ಎಂದು ದೂರ ನಿಲ್ಲಬೇಡಿ. ಮೌಸ್ ಯಾರ ಕೈಯಲ್ಲಾದರೂ ಇರಲಿ, ‘ಇನ್ನೊಂದು ಪ್ರತಿ ಎಲ್ಲಿದೆ?’ ಎಂದು ಕೇಳುವ ಅಧಿಕಾರ ನಿಮ್ಮದು. ಇಂದು ಸಂಜೆ ಮಗ ಮನೆಗೆ ಬಂದಾಗ ಮೊದಲು ಚಹಾ ಕೊಡಿ, ಆಮೇಲೆ ಈ ಪ್ರಶ್ನೆ ಕೇಳಿ. ‘ಬೇರೆ ಪ್ರತಿ ಇಲ್ಲ ಅಮ್ಮಿ’ ಎಂದರೆ ಈ ವಾರವೇ ಮಾಡಿಸಿಕೊಳ್ಳಿ.